ಮುಳ್ಳು ನೋಡಿ ಮೀಟರ್ ತಿದ್ದಬೇಡಿ, ದೂರ ಅಳೆದು ತಿದ್ದಿ

ಸಂಪಾದಕರಿಗೆ,

ಮಾನ್ಯರೇ,

ದೊಡ್ಡ ಟೈರ್ ಹಾಕಿಸಿದವರಿಗೆ, ಕ್ರೌನ್-ಪಿನಿಯನ್ (ಗಾಲಿಗಳನ್ನು ತಿರುಗಿಸುವ ಕೊನೆಯ ಜೋಡಿ ಗೇರು) ಬದಲಿಸಿದವರಿಗೆ ಎಲ್ಲೆಡೆ ಸಿಗುವ ಸಲಹೆ ಒಂದೇ: ‘ಮೊಬೈಲಿನಲ್ಲಿ ಜಿಪಿಎಸ್ ಹಾಕಿಕೊಂಡು ಓಡಿಸಿ, ಅದು ತೋರಿಸುವ ವೇಗಕ್ಕೆ ಸ್ಪೀಡೋಮೀಟರನ್ನು ಹೊಂದಿಸಿಕೊಳ್ಳಿ.’ ವಾಹನಗಳ ಬಗೆಗಿನ ಬರಹಗಳಲ್ಲೂ ಇದೇ ಮಾತು ಮತ್ತೆ ಮತ್ತೆ ಅಚ್ಚಾಗುತ್ತದೆ. ಕೇಳಲು ಸರಳವಾಗಿದೆ. ಆದರೆ ಹಾಗೆ ಮಾಡಿದರೆ ಬಹಳಷ್ಟು ವಾಹನಗಳಲ್ಲಿ ವೇಗದ ಮುಳ್ಳು ಸರಿಹೋಗಿ ಓಡೋಮೀಟರ್ (ಓಡಿದ ದೂರದ ಎಣಿಕೆ) ಕೆಡುತ್ತದೆ. ಓಡೋಮೀಟರ್ ಕೆಟ್ಟದ್ದು ಮಾತ್ರ ವರ್ಷಗಟ್ಟಲೆ ಯಾರ ಗಮನಕ್ಕೂ ಬರುವುದಿಲ್ಲ.

ಇದರ ಮೂಲ ಕಾರ್ಖಾನೆಯಲ್ಲೇ ಇದೆ. ಸ್ಪೀಡೋಮೀಟರ್ ನಿಜ ವೇಗಕ್ಕಿಂತ ಕಡಿಮೆ ತೋರಿಸಲೇಬಾರದು. ಹೆಚ್ಚು ತೋರಿಸಿದರೂ ನಿಜ ವೇಗದ ಹತ್ತನೇ ಒಂದು ಭಾಗ, ಅದರ ಮೇಲೆ ಗಂಟೆಗೆ 4 ಕಿ.ಮೀ. ದಾಟಬಾರದು ಎಂಬುದು ವಿಶ್ವಸಂಸ್ಥೆಯ ವಾಹನ ನಿಯಮಾವಳಿ 39ರ ಕಟ್ಟಳೆ. ನಿಜ ವೇಗ 80 ಇದ್ದಾಗ ಮುಳ್ಳು 80ರಿಂದ 92ರ ನಡುವೆ ಎಲ್ಲಿದ್ದರೂ ಸರಿ, 79 ತೋರಿಸಿದರೆ ತಪ್ಪು. ಟೈರಿನಿಂದ ಟೈರಿಗೆ, ಮೀಟರಿನಿಂದ ಮೀಟರಿಗೆ ಅಷ್ಟಿಷ್ಟು ವ್ಯತ್ಯಾಸ ಇದ್ದೇ ಇರುವುದರಿಂದ ತಯಾರಕರು ಮುಳ್ಳನ್ನು ಬೇಕೆಂದೇ ಸ್ವಲ್ಪ ಮುಂದಿಡುತ್ತಾರೆ. ಓಡೋಮೀಟರಿಗೆ ಈ ಉಬ್ಬರ ಇಲ್ಲ. ಅದು ಸುತ್ತು ಎಣಿಸುವ ಯಂತ್ರ, ಸಾಮಾನ್ಯವಾಗಿ ನಿಜ ದೂರಕ್ಕೆ ತೀರ ಹತ್ತಿರವೇ ಇರುತ್ತದೆ.

ಹಳೆಯ ಕೇಬಲ್ ಮೀಟರಿನಲ್ಲಿ ಈ ಭೇದ ಕಣ್ಣಿಗೇ ಕಾಣುತ್ತದೆ. ಕೇಬಲ್ ತಿರುಗಿಸುವ ಅಯಸ್ಕಾಂತ ಒಂದು ಅಲ್ಯೂಮಿನಿಯಂ ಬಟ್ಟಲೊಳಗೆ ಸುತ್ತುತ್ತದೆ. ಬಟ್ಟಲಲ್ಲಿ ಹುಟ್ಟುವ ಸುಳಿ ವಿದ್ಯುತ್ತು ಅದನ್ನು ತನ್ನೊಂದಿಗೆ ಎಳೆಯುತ್ತದೆ, ಕೂದಲೆಳೆಯ ಸ್ಪ್ರಿಂಗ್ ತಡೆಯುತ್ತದೆ. ಇವೆರಡರ ಜಗ್ಗಾಟದಲ್ಲಿ ಮುಳ್ಳು ಒಂದೆಡೆ ನಿಲ್ಲುತ್ತದೆ. 1902ರಲ್ಲಿ ಒಟ್ಟೊ ಷುಲ್ಟ್ಸೆ ಪೇಟೆಂಟ್ ಪಡೆದ ಉಪಾಯ ಇದು. ಅಂಕಿಗಳ ಉರುಳೆಗಳನ್ನು ತಿರುಗಿಸುವುದು ಅದೇ ಕೇಬಲ್, ಆದರೆ ನೇರವಾಗಿ ಹಲ್ಲುಗಾಲಿಗಳ ಮೂಲಕ. ಸ್ಪ್ರಿಂಗ್ ಸಡಿಲವಾದರೆ, ಅಯಸ್ಕಾಂತ ಬಲ ಕಳೆದುಕೊಂಡರೆ ಮುಳ್ಳು ಸುಳ್ಳು ಹೇಳೀತು; ಉರುಳೆಗಳ ಲೆಕ್ಕ ಕದಲದು. ಎಲೆಕ್ಟ್ರಾನಿಕ್ ಮೀಟರುಗಳಲ್ಲೂ ಎರಡಕ್ಕೂ ಆಧಾರ ಒಂದೇ ಪಲ್ಸ್ (ಸೆನ್ಸರ್ ಕಳಿಸುವ ವಿದ್ಯುತ್ ಮಿಡಿತ) ಎಣಿಕೆ. ಮುಳ್ಳಿಗೆ ಕಳಿಸುವಾಗ ಮಾತ್ರ ಸಾಫ್ಟ್‌ವೇರ್ ಒಂದಿಷ್ಟು ಸೇರಿಸುತ್ತದೆ.

ಲೆಕ್ಕ ಹಾಕಿ ನೋಡೋಣ. ಕಾರ್ಖಾನೆಯಿಂದ ಬಂದಾಗ ನಿಜ ವೇಗ 80ಕ್ಕೆ ಮುಳ್ಳು 84 ತೋರಿಸುತ್ತಿತ್ತು, ಓಡೋಮೀಟರ್ ನಿಖರವಾಗಿತ್ತು ಎನ್ನಿ. 235/70 ಆರ್ 16 (ಅಗಲ 235 ಮಿ.ಮೀ., ಪಕ್ಕದ ಎತ್ತರ ಅದರ ಶೇ 70, ರಿಮ್ 16 ಇಂಚು) ಟೈರ್ ತೆಗೆದು 245/75 ಆರ್ 16 ಹಾಕಿದಿರಿ. ವ್ಯಾಸ ಶೇ 5.2ರಷ್ಟು ಹೆಚ್ಚಾಯಿತು, ಅದೇ ದೂರಕ್ಕೆ ಗಾಲಿಯ ಸುತ್ತು ಕಡಿಮೆಯಾಯಿತು. ಈಗ ನಿಜ ವೇಗ 80 ಇದ್ದಾಗ ಮುಳ್ಳು ತೋರಿಸುವುದು 79.8. ಜಿಪಿಎಸ್ ಜೊತೆ ಹೋಲಿಸಿ ನೋಡಿದವರು ‘ಭೇಷ್, ದೊಡ್ಡ ಟೈರ್ ಹಾಕಿದ ಮೇಲೇ ಮೀಟರ್ ಸರಿಹೋಯಿತು’ ಎನ್ನುತ್ತಾರೆ. ಅತ್ತ ಓಡೋಮೀಟರ್ 100 ಕಿ.ಮೀ. ಓಟವನ್ನು 95 ಎಂದು ಬರೆದುಕೊಳ್ಳುತ್ತಿರುತ್ತದೆ. ಮೈಲೇಜ್ ಬಿತ್ತು ಎಂದು ಇವರೇ ಮುಂದೆ ಎಂಜಿನ್ ಟ್ಯೂನಿಂಗ್‌ಗೆ ಹೋಗುತ್ತಾರೆ. ದೊಡ್ಡ, ಭಾರದ ಟೈರಿನಿಂದ ಇಂಧನ ಸ್ವಲ್ಪ ಹೆಚ್ಚು ಖರ್ಚಾಗುವುದು ನಿಜವೇ. ಆದರೆ ‘ಬಿದ್ದ’ ಮೈಲೇಜಿನಲ್ಲಿ ಒಂದು ಪಾಲು ಬರೀ ಲೆಕ್ಕದ ತಪ್ಪು. ಆಯಿಲ್ ಬದಲಾವಣೆ, ಟೈಮಿಂಗ್ ಬೆಲ್ಟ್ ಬದಲಾವಣೆಗಳೂ ಅಷ್ಟೇ ಪ್ರಮಾಣದಲ್ಲಿ ತಡವಾಗುತ್ತವೆ.

ಹಾಗಾಗಿ ತಿದ್ದುಪಡಿಯ ಅಂಕಿ ಬರಬೇಕಾದ್ದು ದೂರದಿಂದ. ದೂರ ಸರಿಯಾದ ಮೇಲೆ ಮುಳ್ಳು ಮತ್ತೆ 84ಕ್ಕೆ ಹೋದರೆ ಹೋಗಲಿ ಬಿಡಿ, ತಯಾರಕರು ಇಟ್ಟದ್ದೇ ಅಲ್ಲಿ.

ಕಾಗದದ ಲೆಕ್ಕ ಹೇಗೆಂದರೆ, ಟೈರಿನ ಅಗಲವನ್ನು ಶೇಕಡಾ ಅಂಕಿಯಿಂದ ಗುಣಿಸಿದರೆ ಒಂದು ಪಕ್ಕದ ಎತ್ತರ, ಅದರ ಎರಡರಷ್ಟಕ್ಕೆ ರಿಮ್ಮಿನ ವ್ಯಾಸ (ಇಂಚನ್ನು 25.4ರಿಂದ ಗುಣಿಸಿ) ಸೇರಿಸಿದರೆ ಟೈರಿನ ವ್ಯಾಸ. 235/70 ಆರ್ 16ಕ್ಕೆ 329 ಕೂಡಿಸು 406.4, ಒಟ್ಟು 735.4 ಮಿ.ಮೀ. ಅದರ ಜಾಗಕ್ಕೆ 265/75 ಆರ್ 16 ಬಂದರೆ 803.9 ಮಿ.ಮೀ. ಹೊಸದನ್ನು ಹಳೆಯದರಿಂದ ಭಾಗಿಸಿದರೆ 1.093. ಮೀಟರ್ 100 ಎಂದಾಗ ವಾಹನ ಓಡಿರುವುದು 109.3 ಕಿ.ಮೀ. ರಿಮ್ ದೊಡ್ಡದಾದರೆ ಮೀಟರ್ ತಪ್ಪಲೇಬೇಕು ಎಂದೇನೂ ಇಲ್ಲ. 185/65 ಆರ್ 15 ತೆಗೆದು 195/55 ಆರ್ 16 ಹಾಕಿದರೆ ವ್ಯಾಸ 621.5ರಿಂದ 620.9ಕ್ಕೆ ಇಳಿಯುತ್ತದೆ, ಅಷ್ಟೇ. ಅದೇ 15 ಇಂಚಿನ ರಿಮ್ಮಿಗೆ 205/65 ಹಾಕಿದವರು ಶೇ 4.2ರಷ್ಟು ತಪ್ಪಿನೊಳಗೆ ಸಿಕ್ಕಿಕೊಳ್ಳುತ್ತಾರೆ.

ಈ ಲೆಕ್ಕ ಅನುಪಾತಕ್ಕೆ ಸಾಕು. ಸುತ್ತಳತೆಯೇ ಬೇಕಾದಾಗ ವ್ಯಾಸವನ್ನು 3.1416ರಿಂದ ಗುಣಿಸಬೇಡಿ. ಭಾರ ಹೊತ್ತ ಟೈರ್ ನೆಲಕ್ಕೆ ತಾಗುವಲ್ಲಿ ಚಪ್ಪಟೆಯಾಗುತ್ತದೆ. ರೇಡಿಯಲ್ ಟೈರಿಗೆ 3.05 ಎಂಬ ಗುಣಕ ನಿಜಕ್ಕೆ ಹತ್ತಿರ. ಇದಕ್ಕೆ ಪ್ರತಿಯಾಗಿ ಇನ್ನೊಂದು ತಪ್ಪೂ ನಡೆಯುತ್ತದೆ: ನೆಲದಿಂದ ಗಾಲಿಯ ನಡುಮಧ್ಯಕ್ಕೆ ಟೇಪು ಹಿಡಿದು, ಅದನ್ನೇ ತ್ರಿಜ್ಯವೆಂದು ಸುತ್ತಳತೆ ಲೆಕ್ಕ ಹಾಕುವುದು. ರೇಡಿಯಲ್ ಟೈರಿನೊಳಗಿನ ಉಕ್ಕಿನ ಪಟ್ಟಿ ಕುಗ್ಗುವುದಿಲ್ಲ. ಟೈರ್ ಚಪ್ಪಟೆಯಾದರೂ ಒಂದು ಸುತ್ತಿಗೆ ಆ ಪಟ್ಟಿಯ ಉದ್ದದಷ್ಟು ನೆಲ ಸಾಗಲೇಬೇಕು. ಹೀಗೆ ಅಳೆದವರಿಗೆ ಸುತ್ತಳತೆ ಶೇ 3-4ರಷ್ಟು ಕಡಿಮೆ ಸಿಗುತ್ತದೆ.

ಇವೆಲ್ಲಕ್ಕಿಂತ ಒಳ್ಳೆಯದು ನೆಲದ ಮೇಲೆ ಉರುಳಿಸಿ ಅಳೆಯುವುದು. ಟೈರ್ ತಣ್ಣಗಿರುವಾಗ ಗಾಳಿಯನ್ನು ಹೇಳಿದ ಒತ್ತಡಕ್ಕೆ ತನ್ನಿ, ಸಾಮಾನ್ಯವಾಗಿ ಇರುವಷ್ಟು ಭಾರ ವಾಹನದಲ್ಲಿರಲಿ. ಸಮತಟ್ಟು ನೆಲದಲ್ಲಿ ಟೈರ್ ತಾಗುವ ಜಾಗದ ನಡುವೆ, ಟೈರಿಗೂ ನೆಲಕ್ಕೂ, ಸೀಮೆಸುಣ್ಣದ ಗುರುತು ಹಾಕಿ. ವಾಹನವನ್ನು ನೇರವಾಗಿ ತಳ್ಳಿ ಹತ್ತು ಸುತ್ತು ಎಣಿಸಿ, ಗುರುತು ಮತ್ತೆ ಕೆಳಕ್ಕೆ ಬಂದಲ್ಲಿ ನೆಲಕ್ಕೆ ಇನ್ನೊಂದು ಗೆರೆ ಎಳೆದು, ನಡುವಿನ ಅಂತರವನ್ನು ಹತ್ತರಿಂದ ಭಾಗಿಸಿ. ಒಂದೇ ಸುತ್ತು ಅಳೆದು ಒಂದು ಸೆಂಟಿಮೀಟರ್ ತಪ್ಪಿದರೆ ಅರ್ಧ ಶೇಕಡಾದಷ್ಟು ದೋಷ. ಹತ್ತು ಸುತ್ತಿಗೆ ಅದೇ ತಪ್ಪು ಲೆಕ್ಕಕ್ಕೇ ಬರದಷ್ಟು ಸಣ್ಣದು.

ಗೇರಿನ ವಿಷಯದಲ್ಲಿ ಮೊದಲು ಕೇಳಬೇಕಾದ ಪ್ರಶ್ನೆ, ಮೀಟರಿಗೆ ಸಂಕೇತ ಹುಟ್ಟುವುದು ಎಲ್ಲಿ ಎಂಬುದು. ಹಿಂಗಾಲಿ ಎಳೆಯುವ ವಾಹನಗಳಲ್ಲಿ ಬಹಳ ಕಾಲ ಅದು ಗೇರ್‌ಬಾಕ್ಸಿನ ಹೊರಶಾಫ್ಟಿನಲ್ಲಿ, ಅಂದರೆ ಕ್ರೌನ್-ಪಿನಿಯನ್ ಕೂತಿರುವ ಡಿಫರೆನ್ಶಿಯಲ್‌ಗಿಂತ ಮುಂಚೆಯೇ ಇರುತ್ತಿತ್ತು. ಅಲ್ಲಿ ಕ್ರೌನ್-ಪಿನಿಯನ್ ಅನುಪಾತ 3.73ರಿಂದ 4.10ಕ್ಕೆ ಹೋದರೆ ಗಾಲಿಯ ಒಂದು ಸುತ್ತಿಗೆ ಶಾಫ್ಟ್ ಶೇ 9.9ರಷ್ಟು ಹೆಚ್ಚು ತಿರುಗುತ್ತದೆ, ಮೀಟರ್ ಅಷ್ಟೇ ಹೆಚ್ಚು ಓಡುತ್ತದೆ. ಮೇಲೆ ಹೇಳಿದ 265/75 ಟೈರಿನ ಜೊತೆಗೇ ಈ ಗೇರನ್ನೂ ಹಾಕಿಸಿದ್ದರೆ ಎರಡು ತಪ್ಪುಗಳು ಒಂದನ್ನೊಂದು ಹೊಡೆದುಕೊಂಡು ಉಳಿಯುವುದು ಶೇ 0.6 ಮಾತ್ರ. ಆಗ ಏನನ್ನೂ ಮುಟ್ಟದಿರುವುದೇ ಜಾಣತನ. ಮುಂಗಾಲಿ ಎಳೆಯುವ ಹಲವು ವಾಹನಗಳಲ್ಲಿ ಮೀಟರಿನ ಗೇರ್ ಡಿಫರೆನ್ಶಿಯಲ್ ಮೇಲೆಯೇ ಕೂತಿರುತ್ತದೆ, ಈಚಿನ ವಾಹನಗಳಲ್ಲಿ ಎಬಿಎಸ್ಸಿನ (ಬ್ರೇಕ್ ಹಾಕಿದಾಗ ಗಾಲಿ ಸಿಕ್ಕಿಕೊಳ್ಳದಂತೆ ನೋಡಿಕೊಳ್ಳುವ ವ್ಯವಸ್ಥೆ) ಗಾಲಿ ಸೆನ್ಸರುಗಳೇ ವೇಗ ಹೇಳುತ್ತವೆ. ಈ ಎರಡು ಕಡೆಯೂ ಕ್ರೌನ್-ಪಿನಿಯನ್ ಬದಲಿಸಿದರೆ ಮೀಟರಿಗೆ ಏನೂ ಆಗದು, ಟೈರ್ ಮಾತ್ರ ಲೆಕ್ಕಕ್ಕೆ. ಒಂದನೇ, ಎರಡನೇ ಗೇರುಗಳ ಅನುಪಾತ ಬದಲಿಸಿದರೆ ಮೀಟರ್ ಕೆಡುತ್ತದೆಯೇ ಎಂದು ಕೇಳುವವರಿದ್ದಾರೆ. ಸಂಕೇತ ಹೊರಶಾಫ್ಟಿನದ್ದಾದರೆ ಇಲ್ಲ.

ಬೈಕಿನದೂ ಇದೇ ತರ್ಕ. ಮುಂದಿನ ಗಾಲಿಯಿಂದ ಕೇಬಲ್ ಬರುವ ಬೈಕಿಗೆ ಯಾವ ಸ್ಪ್ರಾಕೆಟ್ (ಚೈನಿನ ಹಲ್ಲುಗಾಲಿ) ಹಾಕಿದರೂ ಮೀಟರ್ ಅಲುಗದು. ಮುಂದಿನ ಟೈರ್ ಬದಲಿಸಿದರೆ ಮಾತ್ರ ಅಲುಗುತ್ತದೆ. ಗೇರ್‌ಬಾಕ್ಸಿನಲ್ಲಿ ಸೆನ್ಸರ್ ಇರುವ ಬೈಕಿನಲ್ಲಿ 15 ಹಲ್ಲಿನ ಮುಂದಿನ ಸ್ಪ್ರಾಕೆಟ್ ತೆಗೆದು 14ರದ್ದು ಹಾಕಿದರೆ ಮೀಟರ್ ಶೇ 7.1 ಹೆಚ್ಚು ತೋರಿಸುತ್ತದೆ.

ಇನ್ನು ರಸ್ತೆಯ ಮೇಲಿನ ಪರೀಕ್ಷೆ. ಓಡೋಮೀಟರಿನ ಕೊನೆಯ ಅಂಕಿ ಕಿಲೋಮೀಟರಿನ ಹತ್ತನೇ ಒಂದು ಭಾಗವಾದ್ದರಿಂದ ಒಂದೇ ಕಿ.ಮೀ. ಓಡಿಸಿ ನೋಡಿದರೆ ಶೇ 10ರಷ್ಟು ಅನುಮಾನ ಉಳಿದೇ ಇರುತ್ತದೆ. 20 ಕಿ.ಮೀ. ಓಡಿಸಿದರೆ ಅದು ಅರ್ಧ ಶೇಕಡಾಕ್ಕೆ ಇಳಿಯುತ್ತದೆ. ಅಂಕಿ ಆಗತಾನೇ ಹೊರಳಿದ ಕ್ಷಣದಿಂದ ಎಣಿಕೆ ಶುರುಮಾಡಿ. ಕಿಲೋಮೀಟರ್ ಕಲ್ಲುಗಳು ಒಳ್ಳೆಯ ಆಧಾರ. ಆದರೆ ರಸ್ತೆಯ ತಿರುವು ನೇರಮಾಡಿದ ಕಡೆ ಕಲ್ಲುಗಳು ಹಳೆಯ ಲೆಕ್ಕದಲ್ಲೇ ಉಳಿದಿರುತ್ತವೆ, ಹಾಗಾಗಿ ಒಂದೆರಡು ಕಲ್ಲಿಗಿಂತ ಇಪ್ಪತ್ತು ಕಲ್ಲಿನ ಮೊತ್ತ ನಂಬಿ. ಜಿಪಿಎಸ್ ದೂರವನ್ನೇ ಬಳಸುವವರು ನೇರ, ಬಯಲು ರಸ್ತೆ ಆರಿಸಿಕೊಳ್ಳಬೇಕು. ಅದು ಬಿಂದುಗಳನ್ನು ಸೇರಿಸಿ ದೂರ ಲೆಕ್ಕ ಹಾಕುವುದರಿಂದ ತಿರುವುಗಳ ಮೂಲೆ ಕತ್ತರಿಸುತ್ತದೆ, ಸುರಂಗದಲ್ಲಿ ದಾರಿಯನ್ನೇ ಕಳೆದುಕೊಳ್ಳುತ್ತದೆ. ವೇಗ ನೋಡಲು ಮಾತ್ರ ಜಿಪಿಎಸ್ ನಿಜಕ್ಕೂ ಚೆನ್ನ, ವೇಗ ಒಂದೇ ಸಮ ಇದ್ದರೆ. ಅದಿಲ್ಲದವರು ಕಲ್ಲಿನಿಂದ ಕಲ್ಲಿಗೆ ಹಿಡಿದ ಸೆಕೆಂಡುಗಳಿಂದ 3600ನ್ನು ಭಾಗಿಸಿದರೆ ಸಾಕು: 50 ಸೆಕೆಂಡಿಗೆ 72, 45ಕ್ಕೆ 80. ಗಡಿಯಾರ ಹಿಡಿಯುವುದು ಪಕ್ಕದಲ್ಲಿ ಕೂತವರ ಕೆಲಸ, ಓಡಿಸುವವರದ್ದಲ್ಲ.

ವೇಗವನ್ನು 40, 60, 80ರಲ್ಲಿ ಬೇರೆ ಬೇರೆಯಾಗಿ ಬರೆದುಕೊಳ್ಳಿ, ರೋಗ ಯಾವುದೆಂದು ಅಲ್ಲೇ ತಿಳಿಯುತ್ತದೆ. ತಪ್ಪು ಎಲ್ಲ ವೇಗದಲ್ಲೂ ಒಂದೇ ಶೇಕಡಾ ಇದ್ದರೆ ಅದು ಟೈರ್ ಅಥವಾ ಗೇರಿನದ್ದು. ಎಲ್ಲ ವೇಗದಲ್ಲೂ ಅದೇ ಮೂರೋ ನಾಲ್ಕೋ ಕಿಲೋಮೀಟರ್ ಎನ್ನುವಂತಿದ್ದರೆ ಮುಳ್ಳನ್ನು ಕೂರಿಸಿರುವ ಜಾಗವೇ ತಪ್ಪು, ಅಥವಾ ತಯಾರಕರು ಸೇರಿಸಿದ ಉಬ್ಬರ. ಮುಳ್ಳು ನಡುಗಿದರೆ ಕೇಬಲ್ ಎಲ್ಲೋ ಮಡಚಿದೆ ಅಥವಾ ಒಣಗಿದೆ. ಕೇಬಲಿಗೆ ಗ್ರಾಫೈಟ್ ಗ್ರೀಸನ್ನು ತೆಳುವಾಗಿ ಸವರಬೇಕು, ಮೀಟರಿನ ತುದಿಯ ಒಂದು ಗೇಣು ಬಿಟ್ಟು. ಎಣ್ಣೆ ಸುರಿದರೆ ಅದು ಮೀಟರಿನೊಳಗೆ ಹತ್ತಿ ಬಟ್ಟಲನ್ನೂ ಸ್ಪ್ರಿಂಗನ್ನೂ ಅಂಟಿಸುತ್ತದೆ.

ತಿದ್ದುವ ದಾರಿಗಳು ವಾಹನದ ವಯಸ್ಸಿನ ಮೇಲೆ. ಕೇಬಲ್ ಮೀಟರಾದರೆ ಗೇರ್‌ಬಾಕ್ಸಿನ ಪಕ್ಕದಲ್ಲಿರುವ ಸಣ್ಣ ಪ್ಲಾಸ್ಟಿಕ್ ಗೇರನ್ನು ಬದಲಿಸುವುದು. ಸೂತ್ರ: ಹಳೆಯ ಹಲ್ಲುಗಳನ್ನು ಮೀಟರ್ ತೋರಿಸಿದ ದೂರದಿಂದ ಗುಣಿಸಿ ನಿಜ ದೂರದಿಂದ ಭಾಗಿಸಿ. 18 ಹಲ್ಲಿನ ಗೇರ್ ಇದ್ದು ಮೀಟರ್ 100ಕ್ಕೆ 109.9 ತೋರಿಸುತ್ತಿದ್ದರೆ ಉತ್ತರ 19.8. ಹಲ್ಲು ಪೂರ್ಣಸಂಖ್ಯೆಯಾಗಲೇಬೇಕಲ್ಲ, 20 ಹಾಕಿದರೆ ಶೇ 1.1 ಕಡಿಮೆ, 19 ಹಾಕಿದರೆ ಶೇ 4.1 ಹೆಚ್ಚು. ಮುಳ್ಳಿಗೆ ಕಾರ್ಖಾನೆಯ ಉಬ್ಬರ ಇದ್ದರೆ 20 ಒಳ್ಳೆಯದು. ಮುಳ್ಳು ಮೊದಲಿನಿಂದಲೂ ನಿಜಕ್ಕೆ ಅಂಟಿಕೊಂಡೇ ಇತ್ತು ಎಂದಾದರೆ 20 ಹಾಕುವ ಮುನ್ನ ಯೋಚಿಸಬೇಕು, ಏಕೆಂದರೆ ನಿಜಕ್ಕಿಂತ ಕಡಿಮೆ ತೋರಿಸುವ ಮುಳ್ಳೇ ಅಪಾಯದ್ದು. ಹಲ್ಲು ಹೆಚ್ಚಾದರೆ ಗೇರಿನ ಗಾತ್ರವೂ ಬದಲಾಗುತ್ತದೆ. ಅದಕ್ಕಾಗಿ ಕೆಲವು ಗೇರ್‌ಬಾಕ್ಸುಗಳಲ್ಲಿ ಆ ಗೇರಿನ ಹೌಸಿಂಗಿನ ತೂತನ್ನು ನಡುವಿನಿಂದ ಸರಿಸಿ ಕೊರೆದಿರುತ್ತಾರೆ, ಮೇಲೆ ಹಲ್ಲಿನ ಸಂಖ್ಯೆಗಳನ್ನು ಕೆತ್ತಿರುತ್ತಾರೆ. ಹೊಸ ಸಂಖ್ಯೆಗೆ ಸರಿಯಾಗಿ ಅದನ್ನು ತಿರುಗಿಸಿ ಕೂರಿಸದಿದ್ದರೆ ಹಲ್ಲುಗಳು ಅರೆಬರೆ ಕಚ್ಚಿಕೊಂಡು ಸ್ವಲ್ಪ ದಿನದಲ್ಲೇ ಹೊಸ ಗೇರ್ ಬೋಳಾಗುತ್ತದೆ. ಕೈಹಾಕಿದ ಮೇಲೆ ಓ-ರಿಂಗನ್ನೂ (ಎಣ್ಣೆ ಸೋರದಂತೆ ತಡೆಯುವ ರಬ್ಬರ್ ಬಳೆ) ಬದಲಿಸಿಬಿಡಿ. ಹಳೆಯದನ್ನೇ ಹಾಕಿದರೆ ಗೇರ್ ಆಯಿಲ್ ಕೇಬಲ್ ಗುಂಟ ಮೇಲೇರುತ್ತದೆ. ಬೇಕಾದ ಹಲ್ಲಿನ ಗೇರ್ ಸಿಗದಿದ್ದಾಗ ಕೇಬಲಿನ ನಡುವೆ ಕೂರಿಸುವ ಪುಟ್ಟ ಅನುಪಾತದ ಪೆಟ್ಟಿಗೆಯೇ ಗತಿ.

ಬೇರೆ ವಾಹನದ ಮೀಟರ್ ತಂದು ಹಾಕುವವರು ಅದರ ಮುಖದ ಮೇಲಿನ ಸಣ್ಣ ಅಂಕಿಯನ್ನು ನೋಡಬೇಕು. ಒಂದು ಕಿಲೋಮೀಟರಿಗೆ ಕೇಬಲ್ ಎಷ್ಟು ಸುತ್ತಬೇಕು ಎಂಬುದು ಅದು. ಜಪಾನೀ ಮಾನಕದಲ್ಲಿ 637 ಸುತ್ತು; ಸುತ್ತಿಗೆ ನಾಲ್ಕು ಪಲ್ಸಿನ ಸೆನ್ಸರ್ ಆದರೆ 2548 ಪಲ್ಸ್. 1000 ಸುತ್ತಿನ ಮೀಟರನ್ನು ಅಲ್ಲಿ ಕೂರಿಸಿದರೆ ಯಾವ ಟೈರೂ ಅದನ್ನು ಸರಿಮಾಡದು.

ಸೆನ್ಸರ್ ಇರುವ ವಾಹನಕ್ಕೆ ಪಲ್ಸ್ ತಿದ್ದುವ ಪೆಟ್ಟಿಗೆ ಬರುತ್ತದೆ. ನಾಲ್ಕೇ ವೈರು: ಕೀ ತಿರುಗಿಸಿದಾಗ ಬರುವ 12 ವೋಲ್ಟ್, ಅರ್ತ್, ಸಂಕೇತ ಒಳಕ್ಕೆ, ಸಂಕೇತ ಹೊರಕ್ಕೆ. ಕೆಡುವುದು ಜೋಡಣೆಯಲ್ಲಲ್ಲ, ವೈರನ್ನು ಎಲ್ಲಿ ಕತ್ತರಿಸುತ್ತಾರೆ ಎಂಬುದರಲ್ಲಿ. ಅದೇ ಸಂಕೇತ ಎಂಜಿನ್ ಕಂಪ್ಯೂಟರಿಗೂ ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ಕಂಪ್ಯೂಟರಿಗೂ ಹೋಗುತ್ತಿರಬಹುದು. ಗೇರ್‌ಬಾಕ್ಸಿನ ಕಂಪ್ಯೂಟರ್ ಒಳಶಾಫ್ಟಿನ ವೇಗವನ್ನೂ ಹೊರಶಾಫ್ಟಿನ ವೇಗವನ್ನೂ ಹೋಲಿಸಿ ಗೇರ್ ಸರಿಯಾಗಿ ಬಿದ್ದಿದೆಯೇ ಎಂದು ನೋಡುತ್ತಿರುತ್ತದೆ. ಅದಕ್ಕೆ ತಿದ್ದಿದ ಸಂಕೇತ ಕೊಟ್ಟರೆ ಕ್ಲಚ್ ಜಾರುತ್ತಿದೆ ಎಂದು ಭಾವಿಸಿ ದೋಷ ದಾಖಲಿಸಿ ವಾಹನವನ್ನು ಒಂದೇ ಗೇರಿಗೆ ಕಟ್ಟಿಹಾಕುತ್ತದೆ. ಹಾಗಾಗಿ ಕವಲೊಡೆದ ಮೇಲೆ, ಮೀಟರಿಗೆ ಹೋಗುವ ಎಳೆಯನ್ನು ಮಾತ್ರ ಕತ್ತರಿಸುವುದು ಕ್ಷೇಮ. ಸೆನ್ಸರ್ ಮೂರು ವೈರಿನದೋ ಎರಡು ವೈರಿನದೋ ನೋಡಿಕೊಳ್ಳಿ. ಮೊದಲನೆಯದು ಸಾಮಾನ್ಯವಾಗಿ ಹಾಲ್ ಸೆನ್ಸರ್ (ಅಯಸ್ಕಾಂತದ ಬಲ ಗುರುತಿಸುವ ಸೆನ್ಸರ್), ಚೌಕಾಕಾರದ ಪಲ್ಸ್ ಕೊಡುತ್ತದೆ. ಎರಡನೆಯದು ಬರೀ ಸುರುಳಿ, ನಿಧಾನ ವೇಗದಲ್ಲಿ ಅದರ ಅಲೆ ಬಹಳ ದುರ್ಬಲ. ಪೆಟ್ಟಿಗೆ ಆ ಬಗೆಯ ಸಂಕೇತಕ್ಕೆ ಹೊಂದದಿದ್ದರೆ ಮುಳ್ಳು ಗಂಟೆಗೆ ಹತ್ತಿಪ್ಪತ್ತು ಕಿ.ಮೀ. ವೇಗದವರೆಗೂ ಮಲಗಿಯೇ ಇರುತ್ತದೆ. ಎಬಿಎಸ್ ಗಾಲಿ ಸೆನ್ಸರಿನ ವೈರಿಗೆ ಮಾತ್ರ ಯಾವ ಕಾರಣಕ್ಕೂ ಇಂಥ ಪೆಟ್ಟಿಗೆ ಹಾಕಬಾರದು. ಬ್ರೇಕು ಅದನ್ನೇ ನಂಬಿಕೊಂಡಿದೆ.

ಗುಣಕವನ್ನು ತಿರುಗಾಮುರುಗಾ ಹಾಕುವುದು ಎಲ್ಲಕ್ಕಿಂತ ಸಾಮಾನ್ಯ ತಪ್ಪು. ಮೀಟರ್ ಕಡಿಮೆ ತೋರಿಸುತ್ತಿದ್ದರೆ ಪಲ್ಸ್ ಹೆಚ್ಚಬೇಕು: ನಿಜ ದೂರವನ್ನು ಮೀಟರಿನ ದೂರದಿಂದ ಭಾಗಿಸಿದ ಅಂಕಿ, ಮೇಲಿನ 265/75 ಟೈರಿಗಾದರೆ 1.093. ಅದರ ಬದಲು 0.915 ಹಾಕಿದವರ ಮೀಟರ್ 100 ಕಿ.ಮೀ.ಗೆ 84 ತೋರಿಸತೊಡಗುತ್ತದೆ. ಹಾಕಿದ ಮೇಲೆ ಅದೇ ರಸ್ತೆಯಲ್ಲಿ ಅದೇ 20 ಕಿ.ಮೀ. ಮತ್ತೆ ಓಡಿಸಿ ನೋಡದೆ ಡ್ಯಾಶ್‌ಬೋರ್ಡ್ ಮುಚ್ಚಬೇಡಿ.

ಸಂಕೇತಗಳೆಲ್ಲ ಒಂದೇ ಡೇಟಾ ಜಾಲದಲ್ಲಿ ಹರಿಯುವ ಹೊಸ ವಾಹನಗಳಲ್ಲಿ ಕತ್ತರಿಸಲು ಪ್ರತ್ಯೇಕ ವೈರೇ ಇರುವುದಿಲ್ಲ. ಸ್ಕ್ಯಾನ್ ಉಪಕರಣದಿಂದ ಟೈರ್ ಸುತ್ತಳತೆಯನ್ನೂ ಕ್ರೌನ್-ಪಿನಿಯನ್ ಅನುಪಾತವನ್ನೂ ಬರೆಯಬೇಕು. ಕೆಲವು ಮಿಲಿಮೀಟರ್ ಕೇಳುತ್ತವೆ, ಕೆಲವು ಮೈಲಿಗೆ ಎಷ್ಟು ಸುತ್ತು ಎಂದು. 2452 ಮಿ.ಮೀ. ಸುತ್ತಳತೆಗೆ ಮೈಲಿಗೆ 656 ಸುತ್ತು. ಉರುಳಿಸಿ ಅಳೆದ ಅಂಕಿ ಇಲ್ಲಿಯೇ ಉಪಯೋಗಕ್ಕೆ ಬರುವುದು. ಮುಂಚೆ ಇದ್ದ ಅಂಕಿಗಳನ್ನು ಬರೆದಿಟ್ಟುಕೊಂಡು, ಬ್ಯಾಟರಿಗೆ ಚಾರ್ಜರ್ ತಗುಲಿಸಿಯೇ ಕೆಲಸ ಶುರುಮಾಡಬೇಕು. ಬರೆಯುವ ನಡುವೆ ವೋಲ್ಟೇಜ್ ಕುಸಿದರೆ ಮಾಡ್ಯೂಲ್ ಸತ್ತಂತೆಯೇ. ಗಾಲಿಯ ಸುತ್ತು ಎಣಿಸಿ ಗಾಳಿಯ ಒತ್ತಡ ಊಹಿಸುವ ವ್ಯವಸ್ಥೆ ಇದ್ದರೆ ಅದನ್ನೂ ಮರುಹೊಂದಿಸಿ.

ಟೈರ್ ಸವೆತವೂ ಸಣ್ಣದಲ್ಲ. ಹೊಸದರಲ್ಲಿ 8 ಮಿ.ಮೀ. ಇದ್ದ ಟೈರಿನ ಮೇಲ್ಮೈ ಗೀರುಗಳ ಆಳ 1.6ಕ್ಕೆ ಇಳಿದರೆ ವ್ಯಾಸ 12.8 ಮಿ.ಮೀ. ತಗ್ಗುತ್ತದೆ. 205/55 ಆರ್ 16 ಟೈರಿಗೆ ಇದು ಶೇ 2. ಒಂದು ಶೇಕಡಾದ ಕೆಳಗಿನ ತಪ್ಪನ್ನು ಬೆನ್ನಟ್ಟಿ ದುಡ್ಡು ಸುರಿಯುವುದಕ್ಕೆ ಅರ್ಥವಿಲ್ಲ, ಟೈರೇ ಅದನ್ನು ವರ್ಷದೊಳಗೆ ಬದಲಿಸಿಬಿಡುತ್ತದೆ.

ಈಗಾಗಲೇ ತಪ್ಪಾಗಿ ದಾಖಲಾದ ಕಿಲೋಮೀಟರುಗಳನ್ನು ಮೀಟರಿನಲ್ಲಿ ತಿದ್ದಲು ಹೋಗಬೇಡಿ. ಓಡೋಮೀಟರಿನ ಅಂಕಿ ಮುಟ್ಟುವುದು ಹಲವು ದೇಶಗಳಲ್ಲಿ ಅಪರಾಧ. ಸರ್ವಿಸ್ ಪುಸ್ತಕದಲ್ಲಿ ಒಂದು ಸಾಲು ಬರೆದರೆ ಸಾಕು: ಎಷ್ಟು ಕಿಲೋಮೀಟರಿಗೆ ಟೈರ್ ಬದಲಾಯಿತು, ಎಷ್ಟಕ್ಕೆ ಮೀಟರ್ ತಿದ್ದಲಾಯಿತು, ನಡುವಿನ ಗುಣಕವೇನು. 42,000ಕ್ಕೆ ಟೈರ್ ಬದಲಿಸಿ 50,000ಕ್ಕೆ ತಿದ್ದಿಸಿದ್ದರೆ, 1.093ರ ಲೆಕ್ಕದಲ್ಲಿ ನಿಜ ಓಟ 50,744. ಮುಂದೆ ಅದೇ ಅಳತೆಯ ಟೈರನ್ನೇ ಬೇರೆ ಕಂಪನಿಯದು ಹಾಕಿಸಿದರೂ ಸೀಮೆಸುಣ್ಣ ಹಿಡಿದು ಹತ್ತು ಸುತ್ತು ಮತ್ತೆ ಅಳೆಯಿರಿ. ಪಕ್ಕದಲ್ಲಿ ಅಚ್ಚಾದ ಅಂಕಿ ಒಂದೇ ಇದ್ದರೂ ಸುತ್ತಳತೆ ಒಂದೇ ಇರುವುದಿಲ್ಲ.

ಇಂತಿ,
ಮೀಟರ್ ದುರಸ್ತಿ ಬಲ್ಲ ಒಬ್ಬ ಓದುಗ